ಕಣ್ಣು ಮುಚ್ಚಿ ಕೂರಿಸಿದ ಬೆಲ್ಟು

ಮೇಸ್ತ್ರಿ ಬೆಲ್ಟು ಕೂರಿಸುವುದನ್ನು ನೋಡಲಿಕ್ಕೆಂದೇ ಜನ ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ ಕಾಲವೊಂದಿತ್ತು. ಮರದ ನೆಲ ಉಜ್ಜುವ ಮೆಷಿನ್ನಿಗೆ ಎರಡು ರೋಲರು. ಅವುಗಳ ಮೇಲೆ ಉಪ್ಪುಕಾಗದದ ಬೆಲ್ಟು ಸುತ್ತುತ್ತಿರಬೇಕು. ಅದು ಚೂರು ಪಕ್ಕಕ್ಕೆ ಸರಿದರೂ ಅಂಚು ಮೆಷಿನ್ನಿನ ಪಕ್ಕದ ತಗಡಿಗೆ ತಾಗಿ ಚಿಂದಿಯಾಗುತ್ತದೆ. ಉಳಿದವರೆಲ್ಲ ಬಗ್ಗಿ, ಕಣ್ಣು ಕಿರಿದು ಮಾಡಿ ಬೆಲ್ಟನ್ನು ನೇರಕ್ಕೆ ತರುವ ಸ್ಕ್ರೂ ತಿರುಗಿಸಿದರೆ ಮೇಸ್ತ್ರಿ ಕಣ್ಣು ಮುಚ್ಚಿ ಕಿವಿಯಲ್ಲೇ ಸರಿಮಾಡುತ್ತಿದ್ದರು. ತಗಡಿನ ಕೀರಲು ಸದ್ದು ನಿಂತ ಗಳಿಗೆಗೆ ಅವರ ಕೈಯೂ ನಿಲ್ಲುತ್ತಿತ್ತು. "ಕಣ್ಣು ಬಿಟ್ಕೊಂಡು ಮಾಡೋದಾದ್ರೆ ಮೇಸ್ತ್ರಿ ಯಾಕಯ್ಯ ಬೇಕು?" ಎಂದು ಮೀಸೆ ತಿರುವುತ್ತಿದ್ದರು.

ಆ ಕಿವಿ ಈಗ ಕೈಕೊಟ್ಟಿತ್ತು. ಮೂವತ್ತೈದು ವರ್ಷ ಆ ಮೆಷಿನ್ನಿನ ಪಕ್ಕದಲ್ಲೇ ನಿಂತರೆ ಇನ್ನೇನಾದೀತು, ಪಾಪ! ಮೊದಲು ಬಾಗಿಲ ಗಂಟೆ ಹೋಯಿತು, ಆಮೇಲೆ ಫೋನು, ಕೊನೆಗೆ ಮಗಳ ಮಾತೂ ಹೋಯಿತು. ಮೇಸ್ತ್ರಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಮುಗಿಯಿತು, ಮಗಳು ಮೆಷಿನ್ನು ಮಾರಿಸಿ ಅಪ್ಪನನ್ನು ಕಿಟಕಿಯ ಪಕ್ಕದ ಕುರ್ಚಿಗೆ ಹಾಕುತ್ತಾಳೆ. ಅದಕ್ಕೇ ಕಣ್ಣು ಮುಚ್ಚುವ ಪದ್ಧತಿಯನ್ನೂ ಬಿಟ್ಟಿರಲಿಲ್ಲ. ಕಣ್ಣು ತೆರೆದರೆ ಗುಟ್ಟು ರಟ್ಟಾಗುವುದಿಲ್ಲವೇ? ಮೆಷಿನ್ನಿನ ಹಿಡಿಯಲ್ಲಿ ಕೈಗೆ ಸಿಗುವ ನಡುಕದಿಂದಲೇ ಅಂದಾಜು ಮಾಡುತ್ತಿದ್ದೇನೆ, ಯಾರಿಗೂ ಗೊತ್ತಾಗುತ್ತಿಲ್ಲ ಎಂದುಕೊಂಡಿದ್ದರು.

ಜೊತೆಗಿದ್ದವನು ಅಳಿಯ. ಮೊದಲು ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ಹಿಂದಿನ ಬಾಗಿಲಿಂದ ಕೂಗಿದರೆ ಡ್ರೈವರ್ ಬೆಚ್ಚಿಬೀಳುವಂಥ ಗಂಟಲು ಅವನದು. ಅವನಿಗೆ ಈಚೆಗೆ ಎರಡು ಕೆಟ್ಟ ಚಾಳಿ ಅಂಟಿಕೊಂಡಿದ್ದವು. ಏನು ಹೇಳಬೇಕಾದರೂ ಸುತ್ತಿ ಬಂದು ಮೂಗಿಗೆ ಮೂಗು ತಾಗುವ ಹಾಗೆ ಎದುರು ನಿಲ್ಲುವುದು ಒಂದು. ಮಾವ ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸುವಾಗಲೇ ಭುಜ ತಟ್ಟಿ "ಟೀ ತರ್ಲಾ ಮಾವ?" ಎಂದು ಕೇಳುವುದು ಇನ್ನೊಂದು. "ಟಿಕೆಟ್ ತಗೊಂಡಿಲ್ವಾ ಅನ್ನೋ ಹಾಗೆ ಮುಖಕ್ಕೆ ಬಂದು ನಿಲ್ತೀರಲ್ಲ ಅಳಿಯಂದ್ರೇ, ಹಿರೀರು ಅಂತ ಬೇಡ್ವಾ?" ಎಂದು ಮೇಸ್ತ್ರಿ ರೇಗುತ್ತಿದ್ದರು. ಅಳಿಯ ಹಲ್ಲು ಕಿರಿಯುತ್ತಿದ್ದ.

ಆ ದಿನ ಶಾಲೆಯ ಹಾಲ್‌ನಲ್ಲಿ ಕೆಲಸ. ರಜೆಯಾದ್ದರಿಂದ ಹೆಡ್‌ಮೇಡಂ ಒಬ್ಬರೇ ಆಫೀಸಿನಲ್ಲಿದ್ದರು. ಮೇಸ್ತ್ರಿ ಹೊಸ್ತಿಲ ಹತ್ತಿರ ಕೂತು ಹಲಗೆಯ ಅಂಚನ್ನು ಬೆರಳಲ್ಲಿ ಅಳೆದರು. "ತೀರಾ ಸವೆದಿದೆ. ಇನ್ನೊಂದೇ ಸಲ ಉಜ್ಜಬಹುದು, ಅಷ್ಟೇ."

ಅಳಿಯ ಇಪ್ಪತ್ನಾಲ್ಕನೇ ನಂಬರಿನ ಬೆಲ್ಟು ಎತ್ತಿಕೊಂಡ.

"ಅಯ್ಯೋ, ಅದು ನೆಲಾನೇ ನುಂಗಿಬಿಡುತ್ತೆ! ನಲವತ್ತು ಕೊಡಿ. ಆಮೇಲೆ ಅರವತ್ತು, ಕೊನೇಲಿ ನೂರು. ನಂಬರ್ ಏರಿದ ಹಾಗೆ ಬೆಲ್ಟ್ ನಯ ಆಗುತ್ತೆ ಅಂತ ಎಷ್ಟು ಸಲ ಹೇಳ್ಲಿ?"

ಅರವತ್ತರದ್ದು ವ್ಯಾನಿನಲ್ಲೇ ಉಳಿದಿತ್ತು. ಅಳಿಯ ತರಲು ಓಡಿದ. ಮೇಸ್ತ್ರಿ ಸುತ್ತುವ ದಿಕ್ಕು ತೋರುವ ಒಳಮೈಯ ಬಾಣದ ಗುರುತು ನೋಡಿ ನಲವತ್ತರ ಬೆಲ್ಟು ಏರಿಸಿದರು, ಬಿಗಿ ಮಾಡಿದರು, ಸ್ವಿಚ್ ಹಾಕಿ ಕಣ್ಣು ಮುಚ್ಚಿದರು. ಹಾಲ್‌ನ ನೆಲ ಕೆಳಗೆ ಟೊಳ್ಳು. ಇಡೀ ಹಲಗೆಯೇ ಅದುರುತ್ತಿತ್ತು. ಕೈಗೆ ಏನೂ ಸರಿಯಾಗಿ ತಿಳಿಯಲಿಲ್ಲ. ಇಷ್ಟು ಸಾಕು ಎನಿಸಿತು. ಮೆಷಿನ್ ಇಳಿಸಿ ನಡೆದರು.

ನಾಲ್ಕು ಹೆಜ್ಜೆಗೆ ಮೆಷಿನ್ ಎಗರಿತು. ಬೆಲ್ಟಿನ ಚೂರುಗಳು ಮೊಣಕಾಲಿಗೆ ಬಡಿದವು. ಅಷ್ಟರಲ್ಲಿ ಮೋಟಾರೇ ಸತ್ತುಹೋಯಿತು. ತಿರುಗಿ ನೋಡಿದರೆ ಗೋಡೆಯ ಬಳಿ ಅಳಿಯ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಕತ್ತಿನ ನರ ಉಬ್ಬಿತ್ತು. ಬಾಗಿಲಲ್ಲಿ ಹೆಡ್‌ಮೇಡಂ ಎರಡೂ ಕಿವಿ ಮುಚ್ಚಿಕೊಂಡಿದ್ದರು.

ಎಂಥಾ ಸದ್ದಾಗಿರಬೇಕು! ಅವನು ಎಷ್ಟು ಕೂಗಿರಬೇಕು! ಮೇಸ್ತ್ರಿ ಮೆಷಿನ್ ಹಿಂದಕ್ಕೆ ಎಳೆದರು. ನೆಲದಲ್ಲಿ ಗೇಣುದ್ದದ ಗುಂಡಿ ಬಿದ್ದಿತ್ತು.

ಅಳಿಯ ಮೇಡಂ ಕಡೆ ತಿರುಗಿ ಏನೋ ಹೇಳತೊಡಗಿದ. ಎದುರಿಗಿದ್ದರೆ ಮೇಸ್ತ್ರಿ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಪಕ್ಕದಿಂದ ಅವನ ತುಟಿ ಕಾಣುತ್ತಿರಲಿಲ್ಲ, ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅವನ ಕೈ ಪದೇ ಪದೇ ತನ್ನ ಎದೆಯನ್ನೇ ಮುಟ್ಟುತ್ತಿತ್ತು. ತಪ್ಪು ತನ್ನದು ಅನ್ನುತ್ತಿದ್ದಾನೆ, ಪುಣ್ಯಾತ್ಮ! ಮೇಸ್ತ್ರಿಗೆ ನಾಚಿಕೆಯಲ್ಲಿ ಭೂಮಿಗೆ ಇಳಿದುಹೋಗುವ ಹಾಗಾಯಿತು.

"ಅವರದ್ದಲ್ಲ ಮೇಡಂ! ನಂಗೆ ಕಿವಿ ಕೇಳ್ಸಲ್ಲ!"

ಎಷ್ಟು ಜೋರಾಗಿ ಹೇಳಿದರೋ ಅವರಿಗೇ ಗೊತ್ತಾಗಲಿಲ್ಲ. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರು ಏನೋ ಹೇಳಿದರು. ಅಳಿಯ ಸುತ್ತಿ ಬಂದು ಎದುರು ನಿಂತ.

"ಈ ಗುಂಡಿ ಹೋಗುತ್ತಾ ಅಂತ ಕೇಳ್ತಿದ್ದಾರೆ ಮಾವ."

ಮೇಸ್ತ್ರಿ ಮಂಡಿಯೂರಿ ಅಂಗೈ ಆಡಿಸಿದರು. "ಆಳ ಇಲ್ಲ. ಸುತ್ತ ಮೂರಡಿ ಓರೆಯಾಗಿ ಉಜ್ಕೊಂಡು ಬಂದ್ರೆ ಸಮ ಆಗುತ್ತೆ. ಆದ್ರೆ ಇನ್ನು ನನ್ನ ಕೈಲಿ ಮಾಡಿಸ್ತಾರಾ, ಕೇಳಿ."

ಅಳಿಯ ಕೇಳುವ ಮೊದಲೇ ಮೇಡಂ ಆಗಲಿ ಎಂದು ತಲೆಯಾಡಿಸಿದ್ದು ಮೇಸ್ತ್ರಿಗೇ ಕಾಣಿಸಿತು.

ಮೇಡಂ ಹೋದ ಮೇಲೆ ಮೇಸ್ತ್ರಿ ತಲೆ ತಗ್ಗಿಸಿಯೇ ಕೇಳಿದರು. "ನಿಮಗೆ ಯಾವಾಗಿಂದ ಗೊತ್ತು?" ಉತ್ತರಕ್ಕೆ ತಲೆ ಎತ್ತಲೇಬೇಕಾಯಿತು.

"ಆರು ತಿಂಗಳಾಯ್ತು."

"ಮಗಳಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

"ನಂಗೆ ಹೇಳಿದ್ದೇ ಅವಳು ಮಾವ. ಅಪ್ಪನ ಹಿಂದೆ ನಿಂತು ಮಾತಾಡ್ಬೇಡಿ, ಎದುರಿಗೆ ಹೋಗಿ ಅಂತ. ಅವರಾಗೇ ಹೇಳೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ ಅಂದ್ಲು."

ಮೇಸ್ತ್ರಿ ಇನ್ನೊಂದು ನಲವತ್ತರ ಬೆಲ್ಟು ಏರಿಸಿ, ಕಿತ್ತ ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ, ಸ್ಕ್ರೂ ಹಿಡಿದರು. ಈ ಸಲ ಕಣ್ಣು ತೆರೆದೇ ಇತ್ತು. ಆದರೆ ನೀರು ತುಂಬಿ ಬೆಲ್ಟಿನ ಅಂಚೇ ಕಾಣಿಸಲೊಲ್ಲದು. ಅಂದಾಜಿನಲ್ಲೇ ತಿರುಗಿಸಿದರು, ಇನ್ನೂ ಸ್ವಲ್ಪ ತಿರುಗಿಸಿದರು.

ಭುಜದ ಮೇಲೆ ಕೈ ಬಿತ್ತು. ಅಳಿಯ ಸುತ್ತಿ ಬಂದು ಎದುರು ನಿಂತ.

"ಟೀ ತರ್ಲಾ ಮಾವ?"

ಮೇಸ್ತ್ರಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. ಬೆಲ್ಟು ತಗಡಿಗೆ ತಾಗದೆ ನೆಟ್ಟಗೆ ಸುತ್ತುತ್ತಿತ್ತು. ಆರು ತಿಂಗಳಿಂದ ಈ ಟೀ ಬರುತ್ತಿದ್ದುದೂ ಕೀರಲು ಸದ್ದು ನಿಂತ ಗಳಿಗೆಗೇ ಇರಬೇಕು!