ಬುಡ ಸಮೇತ ಕಿತ್ತ ಬಾಲದ ಕೂದಲು

ಇವತ್ತೂ ಚೀಸ್ ಗಟ್ಟಿಯಾಗಲಿಲ್ಲ. ಸೊಸೆ ಪಾತ್ರೆಗೆ ಚಾಕು ಇಳಿಸಿದರೆ, ಹೆಪ್ಪುಗಟ್ಟಿದ ಹಾಲು ತುಂಡಾಗುವ ಬದಲು ನೀರುನೀರಾಗಿ ಕದಡಿಹೋಯಿತು. ಬಾಗಿಲಲ್ಲಿದ್ದ ಅತ್ತೆ ನೋಡಿಯೇಬಿಟ್ಟರು.

“ನಾನು ಮಾಡ್ತಿದ್ದಾಗ ಇಟ್ಟಿಗೆ ಹಾಗೆ ನಿಲ್ತಿತ್ತು. ಎಲ್ಲಾ ಕೈಗುಣ ಕಣಮ್ಮ!”

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅದೇ ಪಾತ್ರೆ, ಅದೇ ಹೆಪ್ಪು, ಅತ್ತೆ ಕಲಿಸಿದ ಅದೇ ಹದ. ಬದಲಾಗಿದ್ದು ಒಂದೇ. ಹಳೆಯ ಹಸು ಸತ್ತ ಮೇಲೆ ಅತ್ತೆ ಆರಿಸಿ ತಂದ ಹೊಸ ಹಸು ದೊರೆಸಾನಿ ಕೊಟ್ಟಿಗೆಗೆ ಬಂದಿತ್ತು. ಬಕೆಟ್ ತುಂಬ ಹಾಲು ಕೊಡುತ್ತಿತ್ತು. ಹಳೆಯ ಹಸುವಿನ ಮಗಳು ಗಿಡ್ಡಿ ಕೊಡುವುದು ಅದರ ಅರ್ಧ. ಹಾಗಾಗಿ ಗಿಡ್ಡಿಯನ್ನು ಮಾರಲು ಅತ್ತೆ ವ್ಯಾಪಾರಿಗೆ ಹೇಳಿಯೂ ಆಗಿತ್ತು. ಗಿಡ್ಡಿ ಹೋಗುವ ಮೊದಲು ಇದರ ಮೂಲ ಹುಡುಕಿಯೇ ತೀರುತ್ತೇನೆ ಎಂದು ಸೊಸೆ ಪಟ್ಟು ಹಿಡಿದಳು.

ದನದ ಡಾಕ್ಟರಮ್ಮ ಬಂದು ಎರಡೂ ಹಸುಗಳ ಕೆಚ್ಚಲು ಮುಟ್ಟಿ ನೋಡಿದರು. “ಬಾವು ಏನಿಲ್ಲ. ಎರಡರ ಹಾಲೂ ಬೆರೆಸ್ತೀರಾ?”

“ಹೂಂ, ಒಂದೇ ಕ್ಯಾನು.”

“ಬೇರೆಬೇರೆ ಹೆಪ್ಪು ಹಾಕಿ ನೋಡಿ. ಹಾಲಲ್ಲಿ ಕಪ್ಪಾ ಕೇಸೀನ್ ಅಂತ ಒಂದು ಪ್ರೋಟೀನ್ ಇದೆ. ಅದನ್ನ ಮಾಡೋ ಜೀನ್ ಎಲ್ಲಾ ಹಸುವಲ್ಲೂ ಒಂದೇ ಥರ ಇರಲ್ಲ. ‘ಬಿ’ ಅನ್ನೋ ರೂಪ ಇದ್ದರೆ ಸಾಮಾನ್ಯವಾಗಿ ಚೀಸಿನ ಹೆಪ್ಪು ಬೇಗ ಕೂರುತ್ತೆ, ಗಟ್ಟಿಯಾಗೂ ಕೂರುತ್ತೆ. ಬಾಲದ ಕೂದಲು ಕಿತ್ತು ಕಳಿಸಿದರೆ ಲ್ಯಾಬಲ್ಲಿ ಹೇಳ್ತಾರೆ.”

“ಕೂದಲು ನೋಡೋಕೆ ಇದೇನು ಕ್ಷೌರದ ಅಂಗಡಿನಾ?” ಅತ್ತೆ ಮೂಗು ಮುರಿದರು. ಆದರೂ ಸೊಸೆ ಕೆಲಸದಲ್ಲಿದ್ದಾಗ ತಾವೇ ಹೋಗಿ ಕೂದಲು ತಂದುಕೊಟ್ಟರು.

ಲ್ಯಾಬಿನಿಂದ ಬಂದ ಉತ್ತರ ಒಂದೇ ಮಾತು: ಈ ಕೂದಲು ಉಪಯೋಗಕ್ಕೆ ಬರುವುದಿಲ್ಲ.

“ಕಿತ್ತರೆ ನೋಯುತ್ತಲ್ಲ ಪಾಪ, ಕತ್ತರೀಲಿ ಕತ್ತರಿಸಿದೆ,” ಎಂದರು ಅತ್ತೆ. “ಕೂದಲು ಕೂದಲೇ ತಾನೆ?”

“ಅಯ್ಯೋ ಅಮ್ಮಾ, ಪರೀಕ್ಷೆಗೆ ಬೇಕಾಗಿರೋದೇ ಬುಡದ ಬೇರು!” ಡಾಕ್ಟರಮ್ಮ ತಲೆ ಚಚ್ಚಿಕೊಂಡರು.

ಸೊಸೆ ಸೀದಾ ಕೊಟ್ಟಿಗೆಗೆ ಹೋಗಿ ಬಾಲದ ಕುಚ್ಚಿನ ಕೂದಲನ್ನು ಬುಡ ಸಮೇತ ಕಿತ್ತಳು. ದೊರೆಸಾನಿ ಒದೆಯಲು ಕಾಲೆತ್ತಿತು, ಗಿಡ್ಡಿ ತಿರುಗಿ ನೋಡಿತು ಅಷ್ಟೆ. ಆಮೇಲೆ ಎರಡು ಪಾತ್ರೆ ತಂದು ಅತ್ತೆಯ ಮುಂದಿಟ್ಟಳು.

“ದೊರೆಸಾನಿ ಹಾಲಿಗೆ ನೀವೇ ಹೆಪ್ಪು ಹಾಕಿ ಅತ್ತೆ. ಗಿಡ್ಡಿ ಹಾಲಿಗೆ ನಾನು ಹಾಕ್ತೀನಿ.”

“ನೋಡ್ತಿರು, ಹೇಗೆ ನಿಲ್ಲುತ್ತೆ ಅಂತ!” ಅತ್ತೆ ಸೆರಗು ಸಿಕ್ಕಿಸಿದರು.

ಹೊತ್ತಾದ ಮೇಲೆ ಇಬ್ಬರೂ ಚಾಕು ಇಳಿಸಿದರು. ಸೊಸೆಯ ಪಾತ್ರೆಯಲ್ಲಿ ತುಂಡುಗಳು ಅಂಚು ಮುರಿಯದೆ ನಿಂತವು. ಅತ್ತೆಯ ಪಾತ್ರೆಯಲ್ಲಿ ಎಲ್ಲ ಕದಡಿಹೋಯಿತು. ಅತ್ತೆ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಲ್ಯಾಬಿನ ವರದಿಯೂ ಅದನ್ನೇ ಹೇಳಿತು. ಗಿಡ್ಡಿಗೆ ತಾಯಿಯಿಂದ, ತಂದೆಯಿಂದ ಬಂದ ಎರಡೂ ಜೀನ್ ‘ಬಿ’. ದೊರೆಸಾನಿಗೆ ಒಂದೂ ಇಲ್ಲ.

“ಹಾಗಾದರೆ ದೊರೆಸಾನಿ ದಂಡನಾ?” ಅತ್ತೆಯ ದನಿ ಇಳಿದಿತ್ತು.

“ಯಾಕೆ ದಂಡ? ಕುಡಿಯೋಕೆ, ಮಾರೋಕೆ ಅದರ ಹಾಲು ಚೆನ್ನಾಗಿದೆ. ಚೀಸಿಗೆ ಗಿಡ್ಡಿ ಹಾಲು ಬೇರೆ ಇಡಿ. ಕರುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಜೀನ್ ಬರುತ್ತೆ. ದೊರೆಸಾನಿಗೆ ಎರಡೂ ‘ಬಿ’ ಇರೋ ಹೋರಿಯ ವೀರ್ಯ ಕೊಡಿಸೋಣ, ಹುಟ್ಟೋ ಕರುವಿಗೆ ಒಂದು ‘ಬಿ’ ಸಿಗುತ್ತೆ,” ಎಂದರು ಡಾಕ್ಟರಮ್ಮ.

ವ್ಯಾಪಾರಿ ಹಗ್ಗ ಹಿಡಿದು ಬಂದಾಗ ಅತ್ತೆ ಗಿಡ್ಡಿಯ ಮುಂದೆ ಅಡ್ಡ ನಿಂತರು. “ಮಾರಲ್ಲ, ಹೋಗಪ್ಪ. ನನ್ನ ಸೊಸೆ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಸುಮ್ಮನೆ ಅವಳನ್ನ ಅಂದುಬಿಟ್ಟೆ.” ಇಷ್ಟು ದಿನ ಬಿಗಿಹಿಡಿದಿದ್ದ ಸೊಸೆಯ ಕಣ್ಣು ಆಗ ತುಂಬಿತು.

ನಿಮ್ಮ ಮನೆಯಲ್ಲೂ ಚೀಸ್ ಕೂರುತ್ತಿಲ್ಲವೇ? ಮೊದಲು ದನದ ಡಾಕ್ಟರಿಗೆ ಕೆಚ್ಚಲು ತೋರಿಸಿ, ಪಾತ್ರೆ ಶುಚಿಯಾಗಿಡಿ. ಒಂದೊಂದು ಹಸುವಿನ ಹಾಲನ್ನೂ ಬೇರೆಯಾಗಿ ಹೆಪ್ಪು ಹಾಕಿ ನೋಡಿ. ಗರ್ಭಧಾರಣೆಗೆ ಮುಂಚೆ, ಹೋರಿಯ ಕಪ್ಪಾ ಕೇಸೀನ್ ಯಾವುದು ಎಂದು ದನದ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಎಷ್ಟು ಹಾಲು ಎಂಬುದು ಈ ಒಂದು ಜೀನಿನಿಂದ ತೀರ್ಮಾನವಾಗುವುದಿಲ್ಲ, ಮೇವು ಆರೈಕೆ ತಪ್ಪಿಸಬೇಡಿ. ಪರೀಕ್ಷೆಗೆ ಕೂದಲು ಕಳಿಸುವುದಾದರೆ ಕತ್ತರಿ ಒಳಗಿಡಿ, ಬುಡ ಸಮೇತ ಕೀಳಿ. ಇಷ್ಟೆಲ್ಲ ಮಾಡಿದ ಮೇಲೂ ಬೈಯಲೇಬೇಕು ಅನ್ನಿಸಿದರೆ, ಆಗ ಸೊಸೆಯನ್ನು ಕರೆಯಿರಿ.