ಕೆಂಪು ದೀಪಕ್ಕೆ ನಿಲ್ಲುವ ಓಟಗಾರ

ಬಸ್ ಓಡಿಸುವ ಮನುಷ್ಯನನ್ನು ಮನೆಯಲ್ಲಿ ಕೂರಿಸಿ ನೋಡಿ, ಮನೆ ಎಷ್ಟು ಚಿಕ್ಕದೆಂದು ಆಗ ಗೊತ್ತಾಗುತ್ತದೆ. ಡ್ರೈವರ್ ಬಾಗಿಲಿಗೆ ಹೋಗುತ್ತಿದ್ದ, ಕಿಟಕಿಗೆ ಬರುತ್ತಿದ್ದ, ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ಇಣುಕಿ ಮತ್ತೆ ಬಾಗಿಲಿಗೆ ಹೋಗುತ್ತಿದ್ದ. ಕೂತರೂ ಸುಮ್ಮನಿರಲಾರ, ಎಡಗಾಲು ನೆಲವನ್ನೇ ಕ್ಲಚ್ ಎಂದುಕೊಂಡು ಒತ್ತುತ್ತಿತ್ತು. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ, "ಒಂದು ಕಡೆ ಕೂತ್ಕೋಬಾರ್ದಾ? ನಿಮ್ಮನ್ನ ನೋಡಿ ನೋಡಿ ನನಗೆ ತಲೆ ತಿರುಗುತ್ತೆ" ಎಂದು ಗದರುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಡಿಪೋದ ಡಾಕ್ಟರಮ್ಮ. ಅವನನ್ನು ಬೆಂಚು ಹತ್ತಿಸಿ ಇಳಿಸಿ, ನಿಲ್ಲಿಸಿ, ನಾಡಿ ಹಿಡಿದು ಕಾದಿದ್ದರು. ನಾಡಿ ಇಳಿಯಲೇ ಇಲ್ಲ. "ನಿಂತ ಮೇಲೂ ಎದೆ ಓಡ್ತಾನೇ ಇದೆ. ಹೀಗಿದ್ರೆ ಬಸ್ ಕೊಡೋಕಾಗಲ್ಲ. ಮೈ ಪಳಗಿಸ್ಕೊಂಡು ಬನ್ನಿ. ಮುಂದಿನ ಸಲಾನೂ ಇದೇ ಕಥೆ ಆದ್ರೆ ಮರೆತುಹೋದ ಸಾಮಾನಿನ ಕೋಣೆಗೆ ಹಾಕ್ತಾರೆ, ಖಾಯಂ ಆಗಿ" ಎಂದಿದ್ದರು. ಆ ಕೋಣೆ ಗೊತ್ತಲ್ಲ, ಪ್ರಯಾಣಿಕರು ಬಿಟ್ಟುಹೋದ ಕೊಡೆ, ಡಬ್ಬಿ, ಒಂಟಿ ಚಪ್ಪಲಿಗಳನ್ನು ಕಾಯುವುದು. ಅರ್ಧ ಊರನ್ನು ಬೆನ್ನ ಹಿಂದೆ ಕೂರಿಸಿಕೊಂಡು ತಿರುಗಿದವನಿಗೆ ಅದಕ್ಕಿಂತ ಬೇರೆ ಶಿಕ್ಷೆ ಬೇಕೆ?

ಬೀದಿಯಲ್ಲಿ ನಡೆಯಬಹುದಿತ್ತಲ್ಲ ಅಂತೀರಾ? ನಡೆದ, ಒಂದು ದಿನ. ಹಾದುಹೋದ ಬಸ್ಸಿನವರೆಲ್ಲ ಹಾರ್ನ್ ಹೊಡೆದು, ನಿಧಾನ ಮಾಡಿ, "ಹತ್ತಿ ಅಣ್ಣ, ಬಿಡ್ತೀನಿ" ಎಂದರು. ಆ ಕನಿಕರ ಅವನ ಮೈ ಉರಿಸಿತು. ಮನೆಗೆ ಬಂದವನು ಮತ್ತೆ ಹೊಸಿಲು ದಾಟಲಿಲ್ಲ.

ಕೊನೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಗೆಳತಿಯಿಂದ ಒಂದು ವಿಡಿಯೊ ಗೇಮ್ ಕೇಳಿ ತಂದಳು. ಟಿವಿಯ ಮೇಲೊಂದು ಪುಟ್ಟ ಕ್ಯಾಮೆರಾ. ಎದುರು ನಿಂತಲ್ಲೇ ಓಡಿದರೆ ಪರದೆಯ ಬೀದಿಯಲ್ಲಿ ನಿಮ್ಮ ಬೊಂಬೆ ಓಡುತ್ತದೆ. ಬೇರೆ ಬೇರೆ ಮನೆಗಳಲ್ಲಿ ಆಡುವವರ ಬೊಂಬೆಗಳೂ ಜೊತೆಗೆ ಓಡುತ್ತವೆ. ಡ್ರೈವರ್ ಲುಂಗಿ ಎತ್ತಿ ಕಟ್ಟಿ ಧಡಧಡ ಓಡಿದ. ಬೀದಿಯ ತಿರುವಿನಲ್ಲಿ ಗಕ್ಕನೆ ನಿಂತ.

"ಯಾಕಪ್ಪ ನಿಂತೆ?"

"ಕೆಂಪು ಬಿದ್ದಿದೆ."

"ಅದು ಬರೀ ಚಿತ್ರ. ನುಗ್ಗು."

"ಡ್ರೈವರ್ ಮಗಳಾಗಿ ಆಡೋ ಮಾತಾ ಇದು?"

ಮುಂದೆ ಪಟ್ಟೆ ದಾರಿಯಲ್ಲಿ ಒಬ್ಬ ಚಿತ್ರದ ಅಜ್ಜಿ ರಸ್ತೆ ದಾಟುತ್ತಿದ್ದಳು. ಅಲ್ಲೂ ನಿಂತ. ಹಿಂದಿನ ಬೊಂಬೆಗಳು ಅಜ್ಜಿಯ ಮೈಯೊಳಗಿಂದಲೇ ತೂರಿಕೊಂಡು ಹೋದವು. "ಇವ್ರಿಗೆಲ್ಲ ಲೈಸೆನ್ಸ್ ಕೊಟ್ಟೋನು ಯಾವನು?" ಎಂದು ಡ್ರೈವರ್ ಹಲ್ಲು ಕಡಿದ. ದಿನವೂ ಅದೇ ಪಾಡು, ದಿನವೂ ಅವನೇ ಕೊನೆ. ಮಗಳು ಮುಸಿಮುಸಿ ನಗುವುದು, ಅವನು ಟಿವಿಯ ಮೇಲೆ ಸಿಡುಕುವುದು.

ಒಂದು ದಿನ ಸುಸ್ತಾಗಿ ಸ್ಟೂಲಿನ ಮೇಲೆ ಕುಸಿದವನು ಬೆವರೊರೆಸಲು ಕೈಯಾಡಿಸಿದರೆ ಬೊಂಬೆ ಓಡಿಬಿಟ್ಟಿತು. ಓಹೋ, ಈ ಕ್ಯಾಮೆರಾಕ್ಕೆ ಕೈ ಆಡಿದರೆ ಸಾಕು! ಸ್ಟೀರಿಂಗ್ ತಿರುಗಿಸಿ ಗಟ್ಟಿಯಾದ ತೋಳುಗಳು ಅವು. ಕೂತಲ್ಲೇ ಎಂಥಾ ವೇಗ ಬಂತೆಂದರೆ, ಕೆಂಪಿಗೆ ನಿಂತೂ ಮೊದಲಿಗನಾದ. ಮಗಳು ಅಂಗಡಿಯಲ್ಲೆಲ್ಲ ಹೇಳಿಕೊಂಡು ಮೆರೆದಳು. ಇವನಿಗೆ ಮಾತ್ರ ಊಟ ಸೇರದು, ನಿದ್ದೆ ಹತ್ತದು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಒಂದು ಸಂಜೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಟಿವಿಯಲ್ಲಿ ನೀವೇ ಮೊದಲು. ನನ್ನ ಮೇಜು ಮಾತ್ರ ಅಲ್ಲಾಡ್ತಿಲ್ಲ."

ಮೊದಮೊದಲು ಅವನು ಓಡಿದಾಗೆಲ್ಲ ನೆಲ ಅದುರಿ ಅವಳ ಮೇಜಿನಿಂದ ಕತ್ತರಿ ಜಾರಿ ಬೀಳುತ್ತಿತ್ತು. ಅವಳು ಇಲ್ಲಿಗೇ ಕೇಳುವಂತೆ ಬೈಯುತ್ತಿದ್ದಳು. ಈಗ ಕತ್ತರಿ ಇಟ್ಟಲ್ಲೇ ಇತ್ತು.

"ಯಾರಿಗೆ ಟೋಪಿ ಹಾಕ್ತಿದೀರಿ? ಡಾಕ್ಟರಮ್ಮ ಟಿವಿ ನೋಡಿ ಬಸ್ ಕೊಡ್ತಾರಾ?"

ಡ್ರೈವರ್ ತಲೆ ತಗ್ಗಿಸಿದ. "ಓಡಿದ್ರೆ ಎದೆ ಹೊಡ್ಕೊಳ್ಳುತ್ತೆ ಕಣೇ. ನಿಂತ್ರೂ ಬಿಡಲ್ಲ, ಹೊಡ್ಕೊಳ್ತಾನೇ ಇರುತ್ತೆ. ಭಯ ಆಗುತ್ತೆ ನನಗೆ."

ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ಕೊರಳಿನ ಅಳತೆ ಟೇಪು ತೆಗೆದಿಟ್ಟು ಅವನ ಪಕ್ಕ ಬಂದು ನಿಂತಳು. "ಪಾಯಿಂಟು ಹಾಳಾಗಿ ಹೋಗ್ಲಿ. ಹಸಿರಲ್ಲಿ ಓಡಿ. ಕೆಂಪಲ್ಲಿ ನಿಲ್ಲಿ, ನಾನು ಕೈ ಹಿಡ್ಕೊಂಡಿರ್ತೀನಿ. ಎದೆ ಇಳಿಯೋ ತನಕ ಹೋಗೋದು ಬೇಡ, ಹಸಿರು ಬಂದ್ರೂ."

"ಹಿಂದಿನೋರು ಹಾರ್ನ್ ಹೊಡೀತಾರೆ."

"ಹೊಡೀಲಿ ಬಿಡಿ."

ಅಂದಿನಿಂದ ಕತ್ತರಿ ಮತ್ತೆ ಬೀಳತೊಡಗಿತು. ಮೊದಮೊದಲು ಹಸಿರು ಬಂದು, ಹೋಗಿ, ಮತ್ತೆ ಬಂದರೂ ಅವನ ಮಣಿಕಟ್ಟಿನ ಬಡಿತ ಇಳಿಯುತ್ತಿರಲಿಲ್ಲ. ಅವಳು ಕೈ ಬಿಡುತ್ತಿರಲಿಲ್ಲ. ಬರಬರುತ್ತ ಹಸಿರು ಬೀಳುವ ಮೊದಲೇ ಬಡಿತ ಇಳಿದಿರುತ್ತಿತ್ತು; ಹಸಿರು ಬಿದ್ದೊಡನೆ ಅವಳು, "ಹೂಂ, ಹೊರಡಿ" ಎನ್ನತೊಡಗಿದಳು. ಪರದೆಯಲ್ಲಿ ಅವನು ಪುನಃ ಕಟ್ಟಕಡೆಯವನಾಗಿದ್ದ.

ಪರೀಕ್ಷೆಯ ದಿನ ಹೊರಗಿನ ಕುರ್ಚಿಯಲ್ಲಿ ಅವನ ಎಡಗಾಲು ಮತ್ತೆ ಕುಣಿಯಿತು. ಒಳಗೆ ಕರೆದರು. ಬೆಂಚು ಹತ್ತಿದ, ಇಳಿದ, ಹತ್ತಿದ, ಇಳಿದ. "ನಿಲ್ಲಿ" ಎಂದರು ಡಾಕ್ಟರಮ್ಮ. ಎದೆ ಡವಡವ ಅನ್ನುತ್ತಿತ್ತು. ಅವನ ಕಣ್ಣು ಗೋಡೆಯಿಂದ ಗೋಡೆಗೆ ಹುಡುಕಾಡಿ, ಮೇಜಿನ ಮೇಲಿದ್ದ ಪೆನ್ನಿನ ಕೆಂಪು ಮುಚ್ಚಳದ ಮೇಲೆ ನಿಂತಿತು. ಅದನ್ನೇ ನೋಡುತ್ತ ನಿಂತುಕೊಂಡ. ಡಾಕ್ಟರಮ್ಮ ಮಣಿಕಟ್ಟು ಹಿಡಿದರು, ಗಡಿಯಾರ ನೋಡಿದರು, ಇನ್ನೊಮ್ಮೆ ಹಿಡಿದರು. ಆಮೇಲೆ ಹುಬ್ಬೇರಿಸಿದರು.

"ಇಳಿದಿದೆಯಲ್ರೀ. ಏನ್ ವ್ಯಾಯಾಮ ಮಾಡಿದ್ರಿ?"

"ಸಿಗ್ನಲ್‌ಗೆ ನಿಂತೆ ಮೇಡಂ."

ಮರುದಿನವೇ ಬಸ್ ಸಿಕ್ಕಿತು. ಸಂಜೆ ಮನೆಗೆ ಬಂದವನು ಹಾಯಾಗಿ ಕಾಲು ಚಾಚಿ ಕೂತ. ಒಳಗಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು.

"ಮೇಜು ಅಲ್ಲಾಡ್ತಿಲ್ಲ" ಎಂದಳು ಹೆಂಡತಿ.

ಡ್ರೈವರ್ ಗೊಣಗುತ್ತ ಎದ್ದು ಟಿವಿ ಹಾಕಿದ. ಸ್ವಲ್ಪ ದೂರ ಧಡಧಡ ಓಡಿದ. ಕೆಂಪು ಬಿತ್ತು.

"ಬಾರೇ," ಎಂದು ಕೂಗಿದ, "ಕೈ ಹಿಡ್ಕೊಳ್ಳೋರು ಯಾರೂ ಇಲ್ಲ ಇಲ್ಲಿ."