ಬಸ್ಸು ನಿಂತ ಬಗೆ

ಹುಡುಗ ಇಷ್ಟು ಚಿಕ್ಕವನಿರುತ್ತಾನೆಂದು ಡ್ರೈವರ್ ಎಣಿಸಿರಲಿಲ್ಲ. ತಾಯಿಯ ಹಿಂದೆ ಒಳಗೆ ಬಂದವನ ತಲೆ ಅವಳ ಭುಜಕ್ಕೂ ಬರುತ್ತಿರಲಿಲ್ಲ. ಕತ್ತು ಸಣ್ಣ, ಕಿವಿ ದೊಡ್ಡದು. ಗರಿಗರಿಯಾಗಿ ಇಸ್ತ್ರಿ ಮಾಡಿದ ಕಾಲರು ಆ ಕತ್ತಿಗೆ ತಾಗದೆ ದೂರವೇ ನಿಂತಿತ್ತು. ಡ್ರೈವರಿಗೆ ಸಿಟ್ಟು ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿ ಬಿದ್ದಿದ್ದ ದಿನಗಳಿಂದಲೂ ಅವನು ಮನಸ್ಸಿನಲ್ಲೇ ಒಬ್ಬನ ಜೊತೆ ಜಗಳ ಕಾಯುತ್ತ ಬಂದಿದ್ದ. ಆ ಒಬ್ಬ ಎತ್ತರದ ಆಳು, ಚಿಗುರು ಮೀಸೆಯವನು, ತಪ್ಪು ಮಾಡಿಯೂ ಹಲ್ಲು ಕಿರಿಯುವವನು. ಅವನ ಕೆನ್ನೆಗೆ ಎಷ್ಟು ಸಲ ಬಾರಿಸಿದ್ದನೋ. ಈಗ ಅವನ ಜಾಗದಲ್ಲಿ ಈ ಪಿಳ್ಳೆಯನ್ನು ತಂದು ನಿಲ್ಲಿಸಿ ಯಾರೋ ತನಗೆ ಮೋಸ ಮಾಡಿದ್ದಾರೆ ಅನ್ನಿಸಿತು.

"ಇವನೇನಾ?" ಎಂದು ಹೆಂಡತಿಯ ಕಡೆ ಬಾಗಿ ಕೇಳಿದ.

"ಮೆಲ್ಲಗೆ. ಕೇಳಿಸುತ್ತೆ."

"ಕೇಳಿಸ್ಲಿ."

ಕೋರ್ಟೆಂದರೆ ಕಟಕಟೆ, ಕರಿ ಕೋಟು, ಎತ್ತರದ ಪೀಠ ಎಂದುಕೊಂಡು ಬಂದಿದ್ದ ಅವನಿಗೆ ಈ ಕೋಣೆಯೂ ಸರಿಬಂದಿರಲಿಲ್ಲ. ಒಂದು ದುಂಡು ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಜಗ್ಗು, ಲೋಟಗಳು. ನ್ಯಾಯಾಧೀಶೆ ಶಾಲೆಯ ಮೇಡಂ ಹಾಗೆ ಮಾಮೂಲಿ ಬಟ್ಟೆಯಲ್ಲಿ ಎಲ್ಲರ ಜೊತೆ ಅದೇ ಮೇಜಿಗೆ ಕೂತಿದ್ದರು. ಹುಡುಗನ ಜೊತೆ ಬಂದ ಪೊಲೀಸಿನವನನ್ನು ಹೊರಗೆ ಕೂರಲು ಹೇಳಿದರು.

"ಕಲ್ಲು ಹೊಡೆದಿದ್ದು ನಾನೇ ಅಂತ ಇವನು ಒಪ್ಕೊಂಡಿದಾನೆ" ಎಂದರು. "ಮುಂದೇನು ಅನ್ನೋದು ತೀರ್ಮಾನ ಆಗ್ಬೇಕು. ಅದಕ್ಕೆ ಮುಂಚೆ ಪೆಟ್ಟು ತಿಂದವರು ಮಾತಾಡ್ಲಿ. ಮೊದ್ಲೆಲ್ಲ ಅವರನ್ನ ನಾವು ಕೇಳ್ತಾನೇ ಇರ್ಲಿಲ್ಲ. ಸಾಕ್ಷಿ ಹೇಳಿಸಿ ಮನೆಗೆ ಕಳಿಸ್ತಿದ್ವಿ. ಈಗ ಈ ಪದ್ಧತಿ ಮಾಡಿದೀವಿ. ಹೇಳಿ, ನಿಧಾನವಾಗಿ ಹೇಳಿ."

ಡ್ರೈವರ್ ಹೇಳಬೇಕಾದ್ದನ್ನೆಲ್ಲ ಬೆಳಿಗ್ಗೆ ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದು ಸಂಜೆ ತುಂಬಿದ ಬಸ್ಸು ಹೋಗುತ್ತಿದ್ದಾಗ ಕಾಲ್ಸೇತುವೆಯ ಮೇಲಿಂದ ಕಲ್ಲು ಬಂದದ್ದು, ಎದುರಿನ ಗಾಜು ಒಡೆದದ್ದು, ಬಲಗಣ್ಣು ಹೋದದ್ದು. ಬಸ್ಸು ಬಿಟ್ಟರೆ ಬೇರೆ ಗೊತ್ತಿಲ್ಲದವನನ್ನು ಡಿಪೋದ ಟೈರ್ ವಿಭಾಗಕ್ಕೆ ಹಾಕಿ, ದಿನವಿಡೀ ಗಾಳಿ ನೋಡುವ ಕೆಲಸ ಕೊಟ್ಟದ್ದು. ಇಂಥವರನ್ನು ಸುಮ್ಮನೆ ಬಿಟ್ಟರೆ ನಾಳೆ ಇನ್ನೊಬ್ಬನ ಕಣ್ಣು ತೆಗೆಯುತ್ತಾರೆ ಎಂಬುದು. ಕೊನೆಯ ಮಾತನ್ನು ಗಟ್ಟಿಯಾಗಿ ಹೇಳಬೇಕೆಂದಿದ್ದ. ಬಾಯಿ ತೆರೆದರೆ ನಾಲಿಗೆ ಒಣಗಿಹೋಗಿತ್ತು. ಜಗ್ಗು ಎತ್ತಿ ಲೋಟಕ್ಕೆ ನೀರು ಬಗ್ಗಿಸಿದ.

ನೀರು ಲೋಟದ ಪಕ್ಕದಲ್ಲಿ ಬಿತ್ತು. ಒಂದೇ ಕಣ್ಣಾದ ಮೇಲೆ ಯಾವುದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಅವನಿಗೆ ಸಿಗುತ್ತಿರಲಿಲ್ಲ. ಹೆಂಡತಿ ಮುಖ ಕೂಡ ತಿರುಗಿಸದೆ ಲೋಟವನ್ನು ನೀರಿನ ಧಾರೆಯ ಕೆಳಗೆ ಸರಿಸಿದಳು. ಮನೆಯಲ್ಲಿ ದಿನವೂ ಮಾಡಿ ಮಾಡಿ ಅದು ಅವಳಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಮೇಜಿನ ಮೇಲೆ ಹರಿದ ನೀರು ಹುಡುಗನ ಮೊಣಕೈವರೆಗೂ ಬಂತು. ಅವನು ಕೈ ತೆಗೆಯಲಿಲ್ಲ. ಜಗ್ಗನ್ನೂ ಲೋಟವನ್ನೂ ನೋಡಿದ, ಆಮೇಲೆ ಡ್ರೈವರಿನ ಕಪ್ಪು ಕನ್ನಡಕವನ್ನು ನೋಡಿದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

ಡ್ರೈವರ್ ಮಾತಾಡಿದ. ಕಲಿತದ್ದರಲ್ಲಿ ಅರ್ಧ ಮರೆತುಹೋಯಿತು, ಉಳಿದರ್ಧ ಹಿಂದುಮುಂದಾಯಿತು. ಗಟ್ಟಿಯಾಗಿ ಹೇಳಬೇಕೆಂದಿದ್ದ ಮಾತು ಹೊರಗೆ ಬರಲೇ ಇಲ್ಲ. ಅವನು ಮುಗಿಸಿದ ಮೇಲೆ ನ್ಯಾಯಾಧೀಶೆ ಹುಡುಗನ ಕಡೆ ತಿರುಗಿದರು.

"ಏನಾದ್ರೂ ಹೇಳೋದಿದ್ಯಾ? ಕೇಳೋದಿದ್ರೂ ಕೇಳು."

ತಾಯಿ ಅವನ ಬೆನ್ನಿಗೆ ಕೈ ಇಟ್ಟಳು. ತಪ್ಪಾಯಿತು ಎನ್ನುತ್ತಾನೆ, ಯಾರೋ ಹೇಳಿಕೊಟ್ಟಿರುತ್ತಾರೆ ಎಂದು ಡ್ರೈವರ್ ಹಲ್ಲು ಕಚ್ಚಿ ಕೂತ. ಹುಡುಗ ಡ್ರೈವರಿನ ಕಡೆ ತಿರುಗಿದ.

"ಅಂಕಲ್, ಬಸ್ಸು ಹೆಂಗೆ ನಿಲ್ಲಿಸಿದ್ರಿ?"

ಡ್ರೈವರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಏನಂದೆ?"

"ನಾನು ಮೇಲಿಂದ ನೋಡ್ತಿದ್ದೆ. ಬಸ್ಸು ಕಾಲುವೆ ಕಡೆ ಹೋಯ್ತು. ಎಲ್ರೂ ಸತ್ತೋದ್ರು ಅಂದ್ಕೊಂಡು ಓಡೋದೆ. ಮಾರನೇ ದಿನ ಬೆಳಿಗ್ಗೆ ಅಂಗಡೀಲಿ ಮಾತಾಡ್ತಿದ್ರು, ಬಸ್ಸು ನಿಲ್ತು, ಯಾರೂ ಸಾಯ್ಲಿಲ್ಲ ಅಂತ." ಅವನ ದನಿ ಕುಗ್ಗಿತು. "ಗಾಜು ಕಣ್ಣಲ್ಲಿ ಇತ್ತಲ್ಲ. ಹೆಂಗೆ ನಿಲ್ಲಿಸಿದ್ರಿ?"

ಪೊಲೀಸರು ಕೇಳಿದ್ದು ಕಲ್ಲು ಯಾವ ಕಡೆಯಿಂದ ಬಂತೆಂದು. ಡಾಕ್ಟರು ಕೇಳಿದ್ದು ಬೆಳಕು ಕಾಣುತ್ತದೆಯೇ ಎಂದು. ನೋಡಲು ಬಂದ ನೆಂಟರೆಲ್ಲ ಅಯ್ಯೋ ಎಂದು ಹೋಗಿದ್ದರು. ಈ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬಂದಿರಲಿಲ್ಲ. ಹೇಳಬಾರದೆಂದು ಡ್ರೈವರ್ ಅಂದುಕೊಂಡ. ಇವನಿಗೆ ಯಾಕೆ ಹೇಳಬೇಕು? ಆದರೆ ಬಲಗಾಲು ಮೇಜಿನ ಕೆಳಗೆ ಆಗಲೇ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

"ಒಂದೇ ಸಲ ಬ್ರೇಕ್ ತುಳಿಯೋ ಹಾಗಿಲ್ಲ" ಎಂದ. "ಬಸ್ಸು ತುಂಬ ಜನ ನಿಂತಿದ್ರು. ಗಕ್ಕನೆ ತುಳಿದ್ರೆ ಎಲ್ರೂ ಮುಂದಕ್ಕೆ ಬಂದು ಬೀಳ್ತಾರೆ. ಎರಡು ಕಣ್ಣೂ ಮುಚ್ಕೊಂಡಿತ್ತು. ಬಿಸಿ ಬಿಸಿ ರಕ್ತ. ಒಂದು ಕಡೆ ಕಾಲುವೆ. ಇನ್ನೊಂದು ಕಡೆ ಸ್ಟಾಪು, ಅಲ್ಲಿ ಆ ಹೊತ್ತಿಗೆ ಜನ ಇರ್ತಾರೆ. ಸ್ಟಾಪಿಗಿಂತ ಕಾಲುವೆ ಕಡೆನೇ ವಾಸಿ ಅಂದ್ಕೊಂಡೆ. ಅಲ್ಲಿ ಒಂದು ದಿಣ್ಣೆ ಇದೆ, ಚಕ್ರ ಅದಕ್ಕೆ ತಾಗಿದ್ರೆ ವೇಗ ಕಮ್ಮಿ ಆಗುತ್ತೆ. ಆ ರಸ್ತೇಲಿ ನಂಗೆ ಗೊತ್ತಿಲ್ಲದ ಗುಂಡಿ ಇಲ್ಲ. ಕಾಲು ಸ್ವಲ್ಪ ಸ್ವಲ್ಪ ಒತ್ತಿದೆ. ಹಿಂದೆ ಎಲ್ಲೋ ಮಗು ಅಳ್ತಿತ್ತು. ಅಳ್ತಿದೆ ಅಂದ್ರೆ ಬದುಕಿದೆ, ಸರಿ, ಅಂತ ಇನ್ನೂ ಸ್ವಲ್ಪ ಒತ್ತಿದೆ. ದಿಣ್ಣೆಗೆ ಚಕ್ರ ತಾಗಿದ್ದು ಕೈಗೆ ಗೊತ್ತಾಯ್ತು. ನಿಲ್ತು. ಬಾಗಿಲು ತೆಗೆಯೋ ಗುಂಡಿ ಹುಡುಕಿ ಒತ್ತಿದೆ. ಜನ ಇಳಿಯೋ ಸದ್ದು ಕೇಳಿಸ್ತು. ಅಷ್ಟೇ ನಂಗೆ ಗೊತ್ತಿರೋದು."

ಮಾತು ನಿಂತ ಮೇಲೆ ತನ್ನ ಎರಡು ಕೈಯೂ ಮೇಜಿನ ಮೇಲೆ ಸ್ಟಿಯರಿಂಗ್ ಹಿಡಿದ ಹಾಗೆ ಇರುವುದನ್ನು ಕಂಡು ಅವನು ನಾಚಿಕೆಯಿಂದ ಅವನ್ನು ತೊಡೆಯ ಮೇಲೆ ಇಳಿಸಿಕೊಂಡ. ಹುಡುಗ ಅಳುತ್ತಿದ್ದ. ಸದ್ದಿಲ್ಲದೆ, ಮೂಗು ಕೂಡ ಒರೆಸಿಕೊಳ್ಳದೆ. "ತಪ್ಪಾಯ್ತು" ಎಂದದ್ದು ಬಹಳ ಹೊತ್ತಿನ ಮೇಲೆ. ಅದು ಯಾರೋ ಹೇಳಿಕೊಟ್ಟ ಮಾತಿನ ಹಾಗೆ ಕೇಳಲಿಲ್ಲ.

"ಯಾಕೆ ಹೊಡೆದೆ?" ಎಂದು ನ್ಯಾಯಾಧೀಶೆ ಕೇಳಿದರು.

"ನಿನ್ ಕೈಲಿ ಆಗಲ್ಲ ಬಿಡೋ ಗಿಡ್ಡ ಅಂದ್ರು." ಅಂದವರು ದೊಡ್ಡ ಹುಡುಗರು. ಅವರು ಅವತ್ತೇ ಪರಾರಿಯಾಗಿದ್ದರು.

ಆಗ ತಾಯಿ ಬಾಯಿ ಬಿಟ್ಟಳು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಮುಂಗೈ ತುಂಬ ಸುಟ್ಟ ಗೆರೆಗಳಿದ್ದವು. "ಕಳಿಸ್ಬಿಡಿ ಮೇಡಂ, ಆ ಬಾಲಮಂದಿರಕ್ಕೇ ಕಳಿಸಿ. ಇವನು ಏಳೋಕೆ ಮುಂಚೆ ನಾನು ಕೆಲಸಕ್ಕೆ ಹೋಗಿರ್ತೀನಿ. ಶಾಲೇಲಿ ಹೆಸರು ಹೊಡೆದು ಹಾಕಿದಾರೆ. ನಾನು ಯಾವ ಕಡೆ ಅಂತ ನೋಡ್ಲಿ? ಅಲ್ಲಾದ್ರೆ ಬೀಗ ಇರುತ್ತೆ."

"ಬೀಗ ಇರುತ್ತಮ್ಮ" ಎಂದರು ನ್ಯಾಯಾಧೀಶೆ. "ನಾನೇ ಎಷ್ಟೋ ಮಕ್ಕಳನ್ನ ಅಲ್ಲಿಗೆ ಕಳಿಸಿದೀನಿ. ಕಲ್ಲು ಹೊಡೆದವನು ಬೀಗ ಒಡೆಯೋದು ಕಲಿತು ಹೊರಗೆ ಬರ್ತಾನೆ. ಕಳಿಸೋದು ನಂಗೆ ಸುಲಭ, ಒಂದು ಸಹಿ. ಬೇಡ ಅನ್ನೋದೇ ಕಷ್ಟ." ಆಮೇಲೆ ಡ್ರೈವರನ್ನು ನೋಡಿದರು. "ಶಾಲೆಯವರ ಹತ್ರ ನಾನು ಮಾತಾಡ್ತೀನಿ. ನಮ್ಮ ಕಚೇರಿಯವರೊಬ್ಬರು ಇವರ ಮನೆಗೆ ಹೋಗಿ ನೋಡ್ಕೋತಾರೆ. ಅದರ ಜೊತೆಗೆ ಇವನು ವಾರಕ್ಕೊಂದು ಸಲ ನಿಮ್ಮ ಹತ್ರ ಬರ್ಬೇಕು ಅಂತ ನನ್ನ ಮನಸ್ಸಲ್ಲಿದೆ. ದುಡಿಸೋಕಲ್ಲ. ಬಸ್ಸು ಅಂದ್ರೇನು, ಅದರಲ್ಲಿ ಕೂತಿರೋರು ಯಾರು ಅಂತ ತಿಳ್ಕೊಳೋಕೆ. ನೀವು ಒಪ್ಪಿದ್ರೆ ಮಾತ್ರ. ಬೇಡ ಅಂದ್ರೂ ಯಾರೂ ನಿಮ್ಮನ್ನ ತಪ್ಪು ತಿಳ್ಕೊಳ್ಳಲ್ಲ."

"ಯೋಚ್ನೆ ಮಾಡ್ಬೇಕು" ಎಂದು ಡ್ರೈವರ್ ಎದ್ದ.

ಡಿಪೋಗೆ ಸುದ್ದಿ ಅವನಿಗಿಂತ ಮುಂಚೆಯೇ ತಲುಪಿತ್ತು. "ಒಳ್ಳೇ ಕಥೆ. ಕಣ್ಣು ತೆಗೆದವನಿಗೆ ಪಾಠ ಬೇರೆ ಹೇಳ್ಕೊಡ್ಬೇಕಾ?" ಎಂದ ಫೋರ್‌ಮನ್. "ಡಿಪೋದಲ್ಲಿ ಎಷ್ಟು ಗಾಜಿದೆ ಗೊತ್ತಲ್ಲ? ಎಣಿಸಿಟ್ಕೊಂಡಿರು." ಎಲ್ಲರೂ ನಕ್ಕರು. ಡ್ರೈವರೂ ನಕ್ಕ. ಟೈರುಗಳ ನಡುವೆ ಕೂತು ಗಾಳಿ ನೋಡುತ್ತಿದ್ದಾಗ ಮಾತ್ರ ಆ ಪ್ರಶ್ನೆ ಮತ್ತೆ ಮತ್ತೆ ಬಂದು ಕಿವಿಯ ಹತ್ತಿರ ಕೂರುತ್ತಿತ್ತು.

ಹೆಂಡತಿ ಆ ವಿಷಯ ಎತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಆ ದಿಣ್ಣೆ ವಿಷ್ಯ, ಮಗು ಅಳ್ತಿದ್ದ ವಿಷ್ಯ, ನಂಗೆ ಯಾಕೆ ಹೇಳಿರ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವಳು ಅಂಗಿಯ ತೋಳನ್ನು ಒಳಗೆ ಮಡಚಿ ಕೈಯಿಂದ ಸವರಿದಳು. "ಹೌದು, ಕೇಳ್ಲಿಲ್ಲ. ಹೋದ ಕಣ್ಣಿಗೆ ಅಳೋದ್ರಲ್ಲೇ ನಂಗೆ ಹೊತ್ತು ಹೋಯ್ತು." ಸ್ವಲ್ಪ ಬಿಟ್ಟು ಅಂದಳು, "ಅವನು ಕೇಳಿದ."

"ಹೂಂ. ಅವನು ಕೇಳಿದ."

"ನೀವು ಹೇಳೋವಾಗ ನಿಮ್ಮ ಮುಖ ನೋಡ್ತಿದ್ದೆ ಕಣ್ರೀ. ಬಸ್ಸು ಓಡಿಸ್ತಿದ್ದಾಗ ಮನೆಗೆ ಬರ್ತಿದ್ರಲ್ಲ, ಆ ಮುಖ."

ಡ್ರೈವರ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. ಮರುದಿನ ನ್ಯಾಯಾಧೀಶೆಯ ಕಚೇರಿಗೆ ಫೋನು ಮಾಡಿ, "ಶನಿವಾರ ಬರ್ಲಿ. ಪೊಲೀಸು ಗಿಲೀಸು ಯಾರೂ ಬೇಡ" ಎಂದ. ಫೋನು ಇಟ್ಟ ಮೇಲೆ, ಇದೇನು ಮಾಡಿಕೊಂಡೆ ಎಂದು ತನ್ನನ್ನು ತಾನೇ ಬೈದುಕೊಂಡ.

ಶನಿವಾರ ಹುಡುಗ ತಾಯಿಯ ಜೊತೆ ಡಿಪೋದ ಗೇಟಿನಲ್ಲಿ ನಿಂತಿದ್ದ. ಒಳಗೆ ಬರುತ್ತಿದ್ದಂತೆ ಕೆಲಸ ಮಾಡುತ್ತಿದ್ದವರ ಕೈಗಳು ನಿಂತವು. ಫೋರ್‌ಮನ್ ನಟ್ಟು ಬಿಚ್ಚುವ ಪಾನಾ ಹಿಡಿದೇ ನೋಡಿದ. ಹುಡುಗ ನೆಲದಿಂದ ಕಣ್ಣೆತ್ತಲಿಲ್ಲ. ಡ್ರೈವರ್ ಯಾರ ಕಡೆಗೂ ನೋಡದೆ ಅವರಿಬ್ಬರನ್ನು ಕರೆದುಕೊಂಡು ಷೆಡ್ಡಿನ ತುದಿಯಲ್ಲಿ ತೊಳೆಯಲು ನಿಲ್ಲಿಸಿದ್ದ ಬಸ್ಸಿನವರೆಗೂ ನಡೆದ.

"ಒಂದು ಮಾತು" ಎಂದ, ಬಾಗಿಲ ಬಳಿ. "ನಿನ್ನ ಕ್ಷಮಿಸಿಬಿಟ್ಟಿದೀನಿ ಅಂದ್ಕೋಬೇಡ. ಅದು ಇನ್ನೂ ಆಗಿಲ್ಲ."

"ಹೂಂ, ಅಂಕಲ್."

"ಆಗುತ್ತೋ ಇಲ್ವೋ ಗೊತ್ತಿಲ್ಲ."

"ಹೂಂ."

"ಹತ್ತು. ಅಲ್ಲಿ ಕೂತ್ಕೋ."

ಹುಡುಗ ತಾಯಿಯ ಜೊತೆ ಹತ್ತಿ ಹಿಂದಿನ ಸೀಟಿನ ಕಡೆ ಹೊರಟ. ಡ್ರೈವರ್ ಅವನ ಭುಜ ಹಿಡಿದು ಮುಂದಕ್ಕೆ ತಿರುಗಿಸಿದ. ಹುಡುಗನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೆಲ್ಲಗೆ ಚಾಲಕನ ಸೀಟಿಗೆ ಏರಿ ತುದಿಯಲ್ಲಿ ಕೂತ. ಸ್ಟಿಯರಿಂಗ್ ಅವನ ಎದೆಯಗಲಕ್ಕಿಂತ ದೊಡ್ಡದಿತ್ತು. ಕಾಲು ಬ್ರೇಕಿಗೆ ಎಟುಕಲಿಲ್ಲ.

ಅದೇ ಹೊತ್ತಿಗೆ ಹೊರಗೆ ತೊಳೆಯುವವನು ಪೈಪು ಎತ್ತಿದ. ನೀರು ರಪ್ಪೆಂದು ಎದುರಿನ ಗಾಜಿಗೆ ಬಡಿಯಿತು. ಹುಡುಗ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಿದ್ದ. ಡ್ರೈವರ್ ಕೂಡ ಬೆಚ್ಚಿ ಪಕ್ಕದ ಕಂಬಿ ಹಿಡಿದಿದ್ದ. ಹುಡುಗ ಬೆರಳ ಸಂದಿಯಿಂದ ಡ್ರೈವರಿನ ಕೈಯನ್ನು ನೋಡಿದ. ಆ ಕೈ ಇನ್ನೂ ಕಂಬಿಯನ್ನು ಬಿಟ್ಟಿರಲಿಲ್ಲ.

"ನಂಗೂ ಹಿಂಗೇ ಆಗುತ್ತೆ" ಎಂದ ಡ್ರೈವರ್. "ನೀರಿಗೂ ಆಗುತ್ತೆ, ಹಕ್ಕಿ ಅಡ್ಡ ಬಂದ್ರೂ ಆಗುತ್ತೆ. ಇರ್ಲಿ. ಕೈ ತೆಗಿ. ನೆಟ್ಟಗೆ ಕೂತ್ಕೋ."

ಹುಡುಗ ಕೈ ತೆಗೆದು ನೆಟ್ಟಗೆ ಕೂತ.

"ಬಸ್ಸು ಹೊರಡಿಸೋಕೆ ಮುಂಚೆ ಮೊದಲನೇ ಕೆಲಸ ಏನು?"

"ಮುಂದೆ ನೋಡೋದು."

"ಅಲ್ಲ. ತಲೆ ಮೇಲೆ ಕನ್ನಡಿ ಇದೆ ನೋಡು. ನಿಂಗೆ ಸರಿಯಾಗಿ ಕಾಣೋ ಹಾಗೆ ತಿರುಗಿಸ್ಕೋ. ಹಿಂದೆ ಯಾರಿದಾರೆ ಅಂತ ಮೊದ್ಲು ನೋಡ್ಬೇಕು."

ಹುಡುಗ ಎದ್ದು ನಿಂತು, ಬೆರಳ ತುದಿಯಲ್ಲಿ ಕನ್ನಡಿಯನ್ನು ತಗ್ಗಿಸಿಕೊಂಡು ಮತ್ತೆ ಕೂತ. ಅದರಲ್ಲಿ ಖಾಲಿ ಸೀಟುಗಳ ಸಾಲು ಉದ್ದಕ್ಕೆ ಕಾಣಿಸಿತು. ನಡುವೆ ಎಲ್ಲೋ, ಕಿಟಕಿಯ ಪಕ್ಕದ ಸೀಟಿನಲ್ಲಿ ಅವನ ತಾಯಿ ಕೂತಿದ್ದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಕಂಬಿಯನ್ನು ಒಂದು ಕೈಯಿಂದ ಹಿಡಿದುಕೊಂಡು, ಇನ್ನೇನು ಬಸ್ಸು ಹೊರಡುತ್ತದೆ ಎನ್ನುವವಳ ಹಾಗೆ.